ಮೂರು ಮನೆ ದೂರದ ನರಿ

“ಈ ನರಿ ಸತ್ರೆ ನಂಗೇನು ನಷ್ಟ ಅಕ್ಕಾ?”

ಇಷ್ಟು ಕೇಳಿ ತಮ್ಮ ಮತ್ತೆ ಸ್ಕ್ರೀನ್ ಕಡೆ ತಿರುಗಿದ. ಮೂರು ವಾರ ಕೂತು ನಾನು ಮಾಡಿದ್ದ ನರಿ ಶತ್ರುವಿನ ಈಟಿಗೆ ಸಿಕ್ಕಿ ಆಗಷ್ಟೇ ಸತ್ತಿತ್ತು. ಅವನು ಅದನ್ನು ನೋಡಿದ್ದ. ಬೇಜಾರೇನೂ ಆಗಿರಲಿಲ್ಲ. ಮುಂದಿನ ಸರದಿಗೆ ಯಾವ ಸೈನಿಕನನ್ನು ಎಲ್ಲಿ ನಿಲ್ಲಿಸೋಣ ಅನ್ನೋ ಯೋಚನೆಯಲ್ಲಿದ್ದ. ನಾನು ಉತ್ತರಕ್ಕೆ ತಡಕಾಡಿದೆ. ಸಿಗಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಯಾವ ನಷ್ಟವೂ ಆಗಿರಲಿಲ್ಲ.

ನಾನು ಮಾಡ್, ಅಂದರೆ ಇರುವ ಗೇಮ್‌ಗೆ ನಮ್ಮದೇ ಸೇರ್ಪಡೆ, ಬರೆಯುತ್ತಿದ್ದುದು ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಗೇಮ್‌ಗೆ. ಡೇವಿಡ್ ವೈಟ್ 2003ರಲ್ಲಿ ಶುರು ಮಾಡಿದ ತಂತ್ರದಾಟ ಇದು. ಉಚಿತವಾಗಿ ಆಡಬಹುದು, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಮ್ಯಾಪ್ ತುಂಬ ಆರು ಮೂಲೆಯ ಮನೆಗಳು. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಸೈನಿಕರು, ಅವರ ಶಕ್ತಿ, ಕಥೆ, ಘಟನೆ ಎಲ್ಲವೂ ಡಬ್ಲ್ಯುಎಂಎಲ್ ಎಂಬ ಅದರದ್ದೇ ಭಾಷೆಯಲ್ಲಿ, ಮಾಮೂಲಿ ಟೆಕ್ಸ್ಟ್ ಫೈಲ್‌ಗಳಲ್ಲಿ ಬರೆದಿರುತ್ತದೆ. ಫೈಲ್ ತಿದ್ದಿ, ಗೇಮ್‌ನ ಮೊದಲ ಪರದೆಯಲ್ಲಿ ಎಫ್5 ಒತ್ತಿದರೆ ಸಾಕು, ತಿದ್ದಿದ್ದು ಆಟದಲ್ಲಿ ಬಂದಿರುತ್ತದೆ. ಹಾಗಾಗಿಯೇ ನನ್ನಂಥವರಿಗೂ ಇದರಲ್ಲಿ ಕೈ ಆಡಿಸುವ ಧೈರ್ಯ ಬರುತ್ತದೆ.

ನನ್ನ ಆಸೆ ಸರಳ. ಪ್ರತಿ ನಾಯಕನ ಜೊತೆ ಮಾಯಾಶಕ್ತಿ ಇರುವ ಒಂದು ಪ್ರಾಣಿ ಇರಬೇಕು. ಆಡುವವರಿಗೆ ಅದು ಸೈನ್ಯದ ಇನ್ನೊಂದು ಕಾಯಿ ಅಂತ ಅನ್ನಿಸಬಾರದು. ಜೊತೆಗಾರ ಅನ್ನಿಸಬೇಕು. ಮೊದಲ ದಿನ ಒಂದು ಪಟ್ಟಿ ಮಾಡಿದೆ. ನರಿ, ಹಕ್ಕಿ, ಕರಡಿ, ಗೂಬೆ, ಹಾವು, ಕುದುರೆ, ಆಮೆ. ಏಳಕ್ಕೂ ಒಂದೊಂದು ಶಕ್ತಿ ಬರೆದಿಟ್ಟೆ. ಶಕ್ತಿ ಬರೆಯೋದು ಸುಲಭ, ಒಂದು ಸಂಜೆಯ ಕೆಲಸ. ಆಮೇಲೆ ತಿಂಗಳುಗಟ್ಟಲೆ ಹಿಡಿದದ್ದು ಬೇರೆಯದೇ.

ಮೊದಲ ನರಿ ಬರೀ ಒಂದು ಸಾಮಾನಾಗಿತ್ತು. ನಾಯಕ ಅದನ್ನು ‘ಎತ್ತಿಕೊಂಡರೆ’ ಅವನ ಪ್ರತಿ ಏಟಿಗೆ ಎರಡು ಜಾಸ್ತಿ. ಖಡ್ಗಕ್ಕೂ ನರಿಗೂ ಅಲ್ಲಿ ಏನೂ ಫರಕು ಇರಲಿಲ್ಲ. ಎರಡೇ ದಿನದಲ್ಲಿ ಅದನ್ನು ಬಿಟ್ಟೆ. ಎರಡನೆಯದು ಮ್ಯಾಪ್ ಮೇಲೆ ನಿಜಕ್ಕೂ ಓಡಾಡುವ ನರಿ. 18 ಹೆಚ್‌ಪಿ (ಏಟು ತಾಳುವ ಜೀವಬಲ), ಸಣ್ಣದೊಂದು ಕಚ್ಚು, ಮತ್ತು ಬೆಳಕು. ತಮ್ಮ ಆಡಿದ್ದು ಇದನ್ನೇ.

ಬೆಳಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಗೇಮ್‌ನಲ್ಲಿ ಒಂದು ದಿನ ಅಂದರೆ ಆರು ಸರದಿ. ಬೆಳಗಿನ ಜಾವ, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಜಾವ. ಹಗಲಿನ ಸೈನಿಕರು ಹಗಲಲ್ಲಿ 25% ಜಾಸ್ತಿ ಹೊಡೆಯುತ್ತಾರೆ, ರಾತ್ರಿಯಲ್ಲಿ 25% ಕಮ್ಮಿ. ಕತ್ತಲಿನವರದು ಇದರ ತಿರುವು. ಅಕ್ಕಪಕ್ಕದ ಮನೆಗಳಿಗೆ ಬೆಳಕು ಕೊಟ್ಟು ಆ ಲೆಕ್ಕವನ್ನು 25 ಅಂಕ ಮೇಲೆತ್ತುವ ಶಕ್ತಿ ಗೇಮ್‌ನಲ್ಲಿ ಮೊದಲೇ ಇದೆ. ಬೆಳಕಿನ ಮಂತ್ರವಾದಿಗೆ ಅದು ಇರುತ್ತದೆ. ಅದನ್ನೇ ನರಿಗೆ ಕೊಟ್ಟೆ. ರಾತ್ರಿ ಹೊತ್ತು ಬಾಲ ಉರಿಯುವ ನರಿ ಅಂತ ನನ್ನ ಕಲ್ಪನೆ.

ಬೆಳಕು ಕೊಟ್ಟು ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಇನ್ನೊಂದನ್ನು ಸೇರಿಸಿದೆ. ನರಿ ಪಕ್ಕದಲ್ಲಿದ್ದರೆ ಏಟಿಗೆ ಇನ್ನೂ 25% ಹೆಚ್ಚು. ಲೆಕ್ಕ ನೋಡಿ. ಮಾಮೂಲಿ ಈಟಿಗಾರ ಒಂದು ದಾಳಿಯಲ್ಲಿ ಏಳರಂತೆ ಮೂರು ಸಲ ಹೊಡೆಯುತ್ತಾನೆ. ರಾತ್ರಿ ಅದು ಐದಕ್ಕೆ ಇಳಿಯುತ್ತದೆ. ಮೂರೂ ಏಟು ಬಿದ್ದರೆ 15. ನರಿಯ ಬೆಳಕಿದ್ದರೆ ಮತ್ತೆ ಏಳು, ಅಂದರೆ 21. ಅದರ ಮೇಲೆ ನನ್ನ 25% ಕೂಡಿದರೆ ಎಂಟೂಮುಕ್ಕಾಲು, ಗೇಮ್ ಅದನ್ನು ಒಂಬತ್ತು ಮಾಡುತ್ತದೆ. ಮೂರೇಟಿಗೆ 27. ಹದಿನೈದು ಹೋಗಿ ಇಪ್ಪತ್ತೇಳು! ಕತ್ತಲಲ್ಲಿ ಬಲ ಬರಬೇಕಾದ ಶತ್ರುವೇ ನನ್ನ ನರಿಯ ಮುಂದೆ ಸೋತು ಓಡುತ್ತಿದ್ದ. ಆ 25% ತೆಗೆದು ಹಾಕಿದೆ. ಆಮೇಲೆ ಯಾವ ಪ್ರಾಣಿಗೂ ನೇರವಾಗಿ ಏಟು ಹೆಚ್ಚಿಸುವ ಶಕ್ತಿ ಕೊಡಲಿಲ್ಲ. ಶಕ್ತಿ ಒಂದೇ ಇರಲಿ, ಅದು ಆ ಪ್ರಾಣಿಗೆ ಒಪ್ಪುವಂಥದ್ದಾಗಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ತಮ್ಮನ ಪ್ರಶ್ನೆ ಹಾಗೇ ನಿಂತಿತ್ತು. ನರಿ ಸತ್ತರೆ ಏನು ನಷ್ಟ?

ಅದಕ್ಕೆ ಮೊದಲು ತೋಚಿದ ಉತ್ತರ, ಸತ್ತರೆ ಸತ್ತಂತೆ, ಇನ್ನು ಯಾವತ್ತೂ ಬರಲ್ಲ ಅನ್ನುವುದು. ದೊಡ್ಡ ನಷ್ಟ ಇಟ್ಟರೆ ದೊಡ್ಡ ಪ್ರೀತಿ ಬರುತ್ತದೆ ಅಂದುಕೊಂಡೆ. ಬೆಲೆಯ ಜಾಗದಲ್ಲಿ 60 ಅಂತ ಬರೆದೆ. ಅದನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹಾಗಿರಲಿಲ್ಲ, ಅಮೂಲ್ಯ ಅಂತ ತೋರಿಸಲು ಸುಮ್ನೆ ಬರೆದದ್ದು. ಮಾರನೇ ದಿನ ಆಟ ಹಚ್ಚಿದರೆ ವಿಚಿತ್ರ. ಎದುರಾಳಿಯಾಗಿ ಆಡುವ ಕಂಪ್ಯೂಟರ್ ತನ್ನ ಸೈನ್ಯವನ್ನೆಲ್ಲ ನರಿಯ ಮೇಲೇ ನುಗ್ಗಿಸುತ್ತಿತ್ತು. ನಾಯಕ ಪಕ್ಕದಲ್ಲೇ ಗಾಯಗೊಂಡು ನಿಂತಿದ್ದರೂ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡು ಸಂಜೆ ಕಾರಣ ಹುಡುಕಿದೆ. ಯಾರ ಮೇಲೆ ದಾಳಿ ಮಾಡಿದರೆ ಲಾಭ ಅಂತ ತೂಗುವಾಗ ಕಂಪ್ಯೂಟರ್ ಆ ಯೂನಿಟ್‌ನ, ಅಂದರೆ ಕಾಯಿಯ, ಬೆಲೆಯನ್ನೂ, ಅದು ಗಳಿಸಿದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಾನು ಪ್ರೀತಿಯಿಂದ ಬರೆದ 60, ಅದರ ಕಣ್ಣಿಗೆ ತಟ್ಟೆಯಲ್ಲಿಟ್ಟ ಊಟ. ಬೆಲೆಯನ್ನು 8ಕ್ಕೆ ಇಳಿಸಿದೆ. ದಾಳಿ ಸಹಜವಾಯಿತು.

ಆದರೆ ಶಾಶ್ವತ ಸಾವು ಕೆಲಸ ಮಾಡಲೇ ಇಲ್ಲ. ನರಿ ಸತ್ತ ಕೂಡಲೇ ತಮ್ಮ ಹಿಂದಿನ ಸೇವ್, ಅಂದರೆ ಮೊದಲೇ ಉಳಿಸಿಟ್ಟ ಆಟ, ತೆರೆಯುತ್ತಿದ್ದ. ಪ್ರತಿ ಸಲವೂ. ಒಂದು ಆಟದಲ್ಲಿ ಹನ್ನೊಂದು ಸಲ ಹಾಗೆ ಮಾಡಿದ್ದನ್ನು ನಾನೇ ಪಕ್ಕದಲ್ಲಿ ಕೂತು ಎಣಿಸಿದ್ದೇನೆ. ಅವನದೇನೂ ತಪ್ಪಿಲ್ಲ. ವಾಪಸ್ ಬರದ ನಷ್ಟ ಅಂದರೆ ಯಾರು ತಾನೇ ಒಪ್ಪಿಕೊಂಡು ಮುಂದೆ ಆಡ್ತಾರೆ? ಹಾಗೆ ಆಡಿದಾಗ ನರಿ ಸಾಯುವುದೇ ಇಲ್ಲ. ಸಾಯದ ನರಿಯ ಮೇಲೆ ಕಾಳಜಿಯೂ ಹುಟ್ಟುವುದಿಲ್ಲ. ನಾನು ಹೆದರಿಕೆ ಹುಟ್ಟಿಸಿದ್ದೆ, ಅಷ್ಟೇ.

ಹಾಗಾದರೆ ಸಾಯದೆ, ದೂರ ಹೋದರೆ?

ಇಲ್ಲಿಂದ ದಾರಿ ಕಂಡಿತು. ನರಿಯ ಹೆಚ್‌ಪಿ ಮುಗಿದರೆ ಅದು ಮ್ಯಾಪ್‌ನಿಂದ ಮಾಯವಾಗುತ್ತದೆ. ಕೆಲವು ಸರದಿ ಕಳೆದು, ಮಾಯವಾದ ಜಾಗಕ್ಕೆ ಹತ್ತಿರದ ಕಾಡಿನ ಮನೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಗೇಮ್‌ನಲ್ಲಿ ‘ಲಾಸ್ಟ್ ಬ್ರೆತ್’ ಅಂತ ಒಂದು ಘಟನೆ ಇದೆ, ಕೊನೆಯುಸಿರು. ಯೂನಿಟ್ ಬೀಳುವುದಕ್ಕೆ ಸ್ವಲ್ಪ ಮೊದಲು ಅದು ನಡೆಯುತ್ತದೆ. ಸಾಮಾನ್ಯವಾಗಿ ಪಾತ್ರಗಳ ಬಾಯಲ್ಲಿ ಕೊನೆಯ ಮಾತು ಆಡಿಸಲು ಬಳಸುತ್ತಾರೆ. ನಾನು ಅಲ್ಲಿ ನರಿಯ ವಿವರವನ್ನೆಲ್ಲ ಒಂದು ವೇರಿಯಬಲ್‌ನಲ್ಲಿ ತೆಗೆದಿಟ್ಟೆ. ಹೊತ್ತು ಬಂದಾಗ ಅದನ್ನೇ ಮ್ಯಾಪ್ ಮೇಲೆ ಬಿಡುವುದು. ಮೊದಲ ಸಲ ನರಿ ವಾಪಸ್ ಬಂದಾಗ ಖುಷಿಯಿಂದ ಅದರ ಮೇಲೆ ಮೌಸ್ ಇಟ್ಟೆ. ಪಕ್ಕದ ಪಟ್ಟಿಯಲ್ಲಿ 0/18 ಅಂತಿತ್ತು. ಕೊನೆಯುಸಿರಿನ ಹೊತ್ತಿನ ಹೆಚ್‌ಪಿ ಹಾಗೇ ಉಳಿದುಕೊಂಡಿತ್ತು. ಜೀವ ಇಲ್ಲದ ನರಿ ಕಾಡಿನ ಅಂಚಲ್ಲಿ ಬಾಲ ಆಡಿಸುತ್ತಾ ನಿಂತಿತ್ತು. ಹೆಚ್‌ಪಿ ತುಂಬುವ ಒಂದೇ ಒಂದು ಸಾಲು ಬರೆಯುವುದು ಬಿಟ್ಟುಹೋಗಿತ್ತು.

ಎಷ್ಟು ಸರದಿ ದೂರ ಇರಬೇಕು ಅನ್ನುವುದು ಇನ್ನೊಂದು ಪಾಠ. ಒಂದು ದಿನ ಅಂದರೆ ಆರು, ಆರೇ ಇರಲಿ ಅಂದುಕೊಂಡೆ. ಕಾಗದದಲ್ಲಿ ಗೀಟು ಹಾಕಿ ನೋಡಿದಾಗ ತಪ್ಪು ಕಂಡಿತು. ನರಿ ಸಾಯುವುದು ಹೆಚ್ಚಾಗಿ ರಾತ್ರಿಯ ಮೊದಲ ಜಾವದಲ್ಲಿ, ಯಾಕೆಂದರೆ ಅದನ್ನು ಮುಂದಕ್ಕೆ ತರುವುದೇ ಆಗ. ಆರು ಸರದಿ ಕಳೆದರೆ ಅದು ಮಾರನೇ ರಾತ್ರಿಯ ಮೊದಲ ಜಾವಕ್ಕೆ ಹಾಜರ್. ಅಂದರೆ ಆಡುವವರು ಕಳೆದುಕೊಂಡದ್ದು ಹಿಂದಿನ ರಾತ್ರಿಯ ಎರಡನೇ ಜಾವವೊಂದೇ. ಹಗಲಿಡೀ ಅದರ ಬೆಳಕು ಹೇಗೂ ಬೇಕಿರಲಿಲ್ಲ. ಅದಕ್ಕೇ ನಿಯಮ ಬದಲಿಸಿದೆ. ಮುಂದಿನ ರಾತ್ರಿ ಪೂರ್ತಿ ಕಳೆಯಬೇಕು, ಆಮೇಲಿನ ಬೆಳಗಿನ ಜಾವಕ್ಕೆ ನರಿ ಬರುತ್ತದೆ. ಈಗ ಆ ಒಂದು ರಾತ್ರಿ ಆಡುವವರು ಕತ್ತಲಲ್ಲೇ ಹೋರಾಡಬೇಕು. ಈಟಿಗಾರ ಏಳರ ಬದಲು ಐದು ಹೊಡೆಯುವಾಗ ನರಿಯ ನೆನಪು ತಾನಾಗಿ ಬರುತ್ತದೆ. ನಾನು ಯಾವ ಸಂದೇಶವನ್ನೂ ತೋರಿಸಬೇಕಿಲ್ಲ.

ಇದರ ಜೊತೆ ‘ನಂಟು’ ಅಂತ ಒಂದು ಲೆಕ್ಕ ಇಟ್ಟೆ. ಮೂರರಿಂದ ಶುರು. ಒಂದು ಸಲ ಬಿದ್ದರೆ ಒಂದು ಕಮ್ಮಿ. ಒಂದು ರಾತ್ರಿ ಪೂರ್ತಿ ಜೊತೆಯಲ್ಲೇ ಕಳೆದರೆ ಒಂದು ವಾಪಸ್. ಸೊನ್ನೆಗೆ ಬಂದರೆ ಮಾತ್ರ ಅದು ಬರುವುದಿಲ್ಲ. ತಮ್ಮ ಸೇವ್ ತೆರೆಯುವುದನ್ನು ನಿಲ್ಲಿಸಿದ. ಅವನು ಒಪ್ಪಿಕೊಳ್ಳಬಹುದಾದ ಗಾತ್ರಕ್ಕೆ ನಷ್ಟ ಬಂದಿತ್ತು.

ಆದರೂ ನರಿ ಇನ್ನೂ ಕಾಯಿಯಾಗಿಯೇ ಇತ್ತು. ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಹೋಗುತ್ತಿತ್ತು. ಪ್ರಾಣಿ ಸಾಕಿದವರಿಗೆ ಗೊತ್ತು, ಹಾಗೆ ಯಾವ ಪ್ರಾಣಿಯೂ ಇರಲ್ಲ ಅಲ್ವಾ? ಅದಕ್ಕೆ ಅದರದ್ದೇ ಮನಸ್ಸು ಬೇಕು.

ಮನಸ್ಸು ಅಂದ ತಕ್ಷಣ ನಾನು ಮಾಡಿದ್ದು ದಾಳ ಉರುಳಿಸುವುದು. ನೂರಕ್ಕೆ ಮೂವತ್ತು ಸಲ ನರಿ ಮಾತು ಕೇಳಲ್ಲ. ಬರೆಯುವಾಗ ತುಂಬ ಜೀವಂತ ಅನ್ನಿಸಿತು. ಆಡುವಾಗ ಹಿಂಸೆ. ಈ ಗೇಮ್‌ನಲ್ಲಿ ಅದೃಷ್ಟದ ಪಾಲು ಮೊದಲೇ ದೊಡ್ಡದು. ಬಯಲಲ್ಲಿ ನಿಂತ ಮನುಷ್ಯ ಸೈನಿಕನಿಗೆ ಏಟು ಬೀಳುವ ಸಾಧ್ಯತೆ 60%, ಹಳ್ಳಿಯ ಮನೆಯಲ್ಲಿ ನಿಂತರೆ 40%. ಆಡುವವರು ಪ್ರತಿ ಸರದಿಯಲ್ಲೂ ಇದನ್ನೆಲ್ಲ ತೂಗಿ ಒಂದು ಉಪಾಯ ಹೂಡಿರುತ್ತಾರೆ. ಅದರ ನಡುವೆ ನನ್ನ ನರಿ ಕಾರಣವೇ ಇಲ್ಲದೆ ಕೂತುಬಿಟ್ಟರೆ? “ಇದು ಪ್ರಾಣಿ ಅಲ್ಲ ಅಕ್ಕಾ, ಇದು ಬಗ್” ಅಂದ ತಮ್ಮ. ಬೇಜಾರಾಯಿತು. ಆದರೆ ಅವನು ಹೇಳಿದ್ದು ಸರಿ. ಕಾರಣ ಕಾಣದ ಹಟ, ಕೆಟ್ಟುಹೋದ ಯಂತ್ರದ ಹಾಗೆಯೇ ಕಾಣುತ್ತದೆ.

ಕಣ್ಣು ತೆರೆಸಿದ್ದು ಗೇಮ್‌ನೊಳಗೇ ಇದ್ದ ಒಂದು ಹಂದಿ. ವೆಸ್ನಾತ್‌ನಲ್ಲಿ ‘ಮೈಕ್ರೋ ಎಐ’ ಅಂತ ಸಣ್ಣ ಸಣ್ಣ ನಡವಳಿಕೆಗಳ ಒಂದು ಕಂತೆ ಇದೆ. ಬೇಟೆ ಅಟ್ಟಿಸುವ ತೋಳಗಳು, ಕುರಿ ಕಾಯುವ ನಾಯಿಗಳು, ಕಾಡಲ್ಲಿ ಅಲೆಯುವ ಜಿಂಕೆ, ಮೊಲ. ಅದರಲ್ಲಿ ಕೋರೆಹಲ್ಲಿನ ಹಂದಿ ಮತ್ತು ಅದರ ಮರಿ ಕೂಡ ಇವೆ. ಮರಿ ಹತ್ತಿರದ ದೊಡ್ಡ ಹಂದಿಯ ಹಿಂದೆ ಹೋಗುತ್ತದೆ. ಯಾರಾದರೂ ಮರಿಯ ಪಕ್ಕದ ಮನೆಗೆ ಬಂದು ನಿಂತರೆ ದೊಡ್ಡದು ಅವರ ಮೇಲೆ ಎರಗುತ್ತದೆ. ಇಷ್ಟೇ ನಿಯಮ. ಒಂದು ಗಂಟೆ ಸುಮ್ಮನೆ ಅದನ್ನು ನೋಡುತ್ತಾ ಕೂತೆ. ಅದರಲ್ಲಿ ನನ್ನ ಕಣ್ಣಿಗೆ ದಾಳ ಕಾಣಲಿಲ್ಲ, ತಾಯಿ ಕಂಡಳು. ಅದು ಏನು ಮಾಡುತ್ತದೆ ಅಂತ ಮೊದಲೇ ಗೊತ್ತಿತ್ತು, ಆದರೂ ಅದು ಮಾಡಿದಾಗ ಎದೆ ಝಲ್ ಅಂದಿತು.

ಅವತ್ತು ರಾತ್ರಿಯೇ ನನ್ನ ಏಳು ಪ್ರಾಣಿಗಳ ಪಟ್ಟಿ ತೆಗೆದು ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಬರೆದೆ. ಒಡೆಯ ಏನೂ ಹೇಳದಿದ್ದಾಗ ಇದು ಏನು ಮಾಡ್ತದೆ? ನರಿ ಕಾಡಿಗೆ ಹೋಗುತ್ತದೆ. ಹಕ್ಕಿ ತನಗೆ ಬೇಕಾದ್ದನ್ನು ಹುಡುಕುತ್ತದೆ. ಕರಡಿ ಮಲಗುತ್ತದೆ. ಗೂಬೆ, ಹಾವು, ಕುದುರೆ, ಆಮೆಗಳ ಮುಂದೆ ನನಗೆ ಏನೂ ಬರೆಯಲಾಗಲಿಲ್ಲ. ಅವು ಪ್ರಾಣಿಯ ವೇಷ ಹಾಕಿದ ಮಂತ್ರಗಳು, ಅಷ್ಟೇ. ನಾಲ್ಕನ್ನೂ ಕೈಬಿಟ್ಟೆ. ಗೂಬೆಯ ಚಿತ್ರ ಆಗಲೇ ಮುಗಿದಿತ್ತು. ಅದನ್ನು ಬಿಡುವಾಗ ಮಾತ್ರ ಕಷ್ಟವಾಯಿತು.

ನರಿಯ ನಿಯಮ ಹೀಗಾಯಿತು. ಒಡೆಯನಿಂದ ಮೂರು ಮನೆಯೊಳಗೆ ಇದ್ದರೆ ಹೇಳಿದ ಮಾತು ಕೇಳುತ್ತದೆ. ಮೂರು ದಾಟಿದರೆ ಅದರ ಪಾಡಿಗೆ ಅದು. ನಿಮ್ಮ ಸರದಿ ಶುರುವಾದಾಗ ನರಿ ದೂರದಲ್ಲಿದ್ದರೆ, ಅದು ಹೋಗಬೇಕೆಂದಿರುವ ಕಾಡಿನ ಮನೆಯಲ್ಲಿ ಹೆಜ್ಜೆ ಗುರುತು ಮೂಡುತ್ತದೆ. ಆ ಸರದಿಯಲ್ಲಿ ಅದು ನಿಮ್ಮ ಮಾತು ಕೇಳುವುದಿಲ್ಲ. ಸರದಿ ಮುಗಿಯುವುದರೊಳಗೆ ನಾಯಕ ಹತ್ತಿರ ಹೋದರೆ ಗುರುತು ಅಳಿಯುತ್ತದೆ, ನರಿ ಉಳಿಯುತ್ತದೆ. ಹೋಗದಿದ್ದರೆ ಅದು ಎದ್ದು ಕಾಡಿಗೆ ನಡೆಯುತ್ತದೆ. ದಾಳವೂ ಇಲ್ಲ, ಗುಟ್ಟೂ ಇಲ್ಲ.

ಹೇಳುವುದಕ್ಕೆ ಇಷ್ಟು ಸುಲಭ. ಬರೆಯುವಾಗ ಎರಡು ಕಡೆ ಎಡವಿದೆ. ಮಾತು ಕೇಳಬಾರದು ಅಂದರೆ ಅದರ ನಡೆಯನ್ನು ಸೊನ್ನೆ ಮಾಡಬೇಕು. ‘ಸೈಡ್ ಟರ್ನ್’ ಘಟನೆಯಲ್ಲಿ ಸೊನ್ನೆ ಮಾಡಿದೆ. ನರಿ ಆರಾಮಾಗಿ ಓಡಾಡುತ್ತಲೇ ಇತ್ತು. ಅರ್ಧ ದಿನ ಹೋದ ಮೇಲೆ ಗೊತ್ತಾಯಿತು. ಆ ಘಟನೆ ನಡೆಯುವುದು ಗೇಮ್ ಎಲ್ಲರಿಗೂ ಹೊಸ ನಡೆ ತುಂಬುವುದಕ್ಕೆ ಮೊದಲು. ನಾನು ಖಾಲಿ ಮಾಡಿದ ಮರುಕ್ಷಣ ಗೇಮ್ ತುಂಬಿಸುತ್ತಿತ್ತು. ಅದಾದ ಮೇಲೆ ಬರುವ ‘ಟರ್ನ್ ರಿಫ್ರೆಶ್’ಗೆ ಆ ಸಾಲುಗಳನ್ನು ಎತ್ತಿ ಹಾಕಿದೆ, ಸರಿಹೋಯಿತು.

ಎರಡನೆಯದು ಇದಕ್ಕಿಂತ ದೊಡ್ಡ ತಪ್ಪು. ಮೂರು ಮನೆಯ ದೂರವನ್ನು ಮೊದಲು ನಾನು ಪ್ರತಿ ನಡೆಗೂ ಅಳೆಯುತ್ತಿದ್ದೆ. ಯಾರು ಎಲ್ಲಿಗೆ ಕದಲಿದರೂ ‘ಮೂವ್‌ಟು’ ಘಟನೆ ಎದ್ದು ಲೆಕ್ಕ ಹಾಕುತ್ತಿತ್ತು. ಚೆನ್ನಾಗೇ ಕೆಲಸ ಮಾಡುತ್ತಿತ್ತು ಕೂಡ. ತಮ್ಮ ಒಬ್ಬ ಸೈನಿಕನನ್ನು ತಪ್ಪು ಮನೆಗೆ ಇಟ್ಟು, ಹಿಂದಕ್ಕೆ ತರಲು ಯು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಇಲ್ಲ. ಇಂಥ ಘಟನೆ ಒಮ್ಮೆ ನಡೆದರೆ ಗೇಮ್ ಹಿಂದಿನ ನಡೆಗಳ ನೆನಪನ್ನು ಅಳಿಸಿಬಿಡುತ್ತದೆ, ರದ್ದು ಮಾಡಲು ಬಿಡುವುದಿಲ್ಲ. ಬಿಡು ಅಂತ ಹೇಳುವ ಒಂದು ಆಜ್ಞೆ ಇದೆ, ಆದರೆ ಅದನ್ನು ಅಜಾಗರೂಕತೆಯಿಂದ ಬಳಸಿದರೆ ಜೊತೆಯಾಗಿ ಆಡುವ ಇಬ್ಬರ ಕಂಪ್ಯೂಟರ್‌ಗಳಲ್ಲಿ ಆಟದ ಸ್ಥಿತಿ ಬೇರೆ ಬೇರೆಯಾಗಿ ಆಟವೇ ಮುರಿಯುತ್ತದೆ. ಒಂದು ನರಿಗೋಸ್ಕರ ಆಡುವವರ ಕೈಯಿಂದ ಇಷ್ಟು ದೊಡ್ಡ ಅನುಕೂಲ ಕಿತ್ತುಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಈಗ ಅಳತೆ ಎರಡೇ ಸಲ. ಸರದಿ ಶುರುವಿನಲ್ಲಿ ಒಮ್ಮೆ, ಮುಗಿದಾಗ ಒಮ್ಮೆ. ಹೆಜ್ಜೆ ಗುರುತಿನ ಯೋಚನೆ ಹುಟ್ಟಿದ್ದೂ ಈ ಕಟ್ಟುಪಾಡಿನಿಂದಲೇ. ನಡುವೆ ಅಳೆಯುವಂತಿಲ್ಲ ಅಂದಮೇಲೆ, ಮುಂದೇನಾಗುತ್ತದೆ ಅಂತ ಮೊದಲೇ ತೋರಿಸಿಬಿಡಬೇಕು.

ಆಮೇಲೆ ತಮ್ಮ ನಾನು ಯೋಚಿಸದ ಒಂದು ಕೆಲಸ ಮಾಡಿದ. ನಾಯಕ ದೂರ ಇದ್ದಾನೆ, ಹತ್ತಿರ ಬರಲು ಆಗಲ್ಲ. ಹೆಜ್ಜೆ ಗುರುತು ಇದ್ದ ಮನೆಯಲ್ಲಿ ಒಬ್ಬ ಬಿಲ್ಲುಗಾರನನ್ನು ನಿಲ್ಲಿಸಿದ. ಜಾಗ ಖಾಲಿ ಇಲ್ಲದ್ದಕ್ಕೆ ನರಿ ಇದ್ದಲ್ಲೇ ನಿಂತಿತು. ನನ್ನ ಕೋಡ್‌ನಲ್ಲಿ ಇದ್ದ ಕಿಂಡಿ ಅದು. ಮುಚ್ಚೋಣ ಅಂತ ಫೈಲ್ ತೆರೆದವಳು ಕೈ ಹಿಂದೆ ತೆಗೆದುಕೊಂಡೆ. ಹೊರಟ ಪ್ರಾಣಿಯ ದಾರಿಗೆ ಅಡ್ಡ ನಿಂತು ತಡೆಯುವುದು, ಅದೂ ಒಡೆಯನಲ್ಲ, ಅವನ ಬಿಲ್ಲುಗಾರ. ಇದಕ್ಕಿಂತ ಒಳ್ಳೆಯ ನಿಯಮ ನಾನು ಕೂತು ಬರೆದಿದ್ದರೂ ಹೊಳೆಯುತ್ತಿರಲಿಲ್ಲ. ಬಿಲ್ಲುಗಾರ ಆ ಸರದಿ ಯುದ್ಧಕ್ಕೆ ಸಿಗುವುದಿಲ್ಲ, ಅದೇ ಅದಕ್ಕೆ ತೆರುವ ಬೆಲೆ. ಹಾಗೇ ಬಿಟ್ಟೆ.

ಹಕ್ಕಿಯ ಕಥೆ ಬೇರೆ. ಅದರ ಬೇರು ನಿಜವಾದ ಹಕ್ಕಿಯಲ್ಲಿದೆ. ಆಫ್ರಿಕಾದಲ್ಲಿ ಹನಿಗೈಡ್ ಅಂತ ಒಂದು ಹಕ್ಕಿ ಇದೆ. ಜೇನುಗೂಡು ಎಲ್ಲಿದೆ ಅಂತ ಅದಕ್ಕೆ ಗೊತ್ತು, ಅದನ್ನು ಒಡೆಯಲು ಅದರಿಂದಾಗದು. ಮನುಷ್ಯರಿಗೆ ಒಡೆಯಲು ಗೊತ್ತು, ಹುಡುಕುವುದು ಕಷ್ಟ. ಹಕ್ಕಿ ಕೂಗುತ್ತಾ ಮರದಿಂದ ಮರಕ್ಕೆ ಹಾರಿ ದಾರಿ ತೋರಿಸುತ್ತದೆ. ಜನ ಜೇನು ತೆಗೆದುಕೊಂಡು ಮೇಣ ಬಿಡುತ್ತಾರೆ. ಹಕ್ಕಿಗೆ ಬೇಕಾದ್ದು ಮೇಣವೇ. ಮೊಜಾಂಬಿಕ್‌ನ ಯಾವೋ ಜನ ಅದನ್ನು ಕರೆಯಲು ಒಂದು ವಿಶೇಷ ಸದ್ದು ಹೊರಡಿಸುತ್ತಾರೆ, ಉದ್ದನೆಯ ‘ಬ್ರ್‌ರ್‌ರ್’, ಕೊನೆಗೆ ಒಂದು ‘ಹ್ಮ್’. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸದ್ದು ಮಾಡಿದಾಗ ಹಕ್ಕಿ ದಾರಿ ತೋರಿಸುವ ಸಾಧ್ಯತೆ ಸುಮಾರು 33%ರಿಂದ 66%ಕ್ಕೆ ಏರಿತ್ತು. ಓದಿದಾಗ ಮೈ ಜುಮ್ ಅಂದಿತು. ಅದು ಸಾಕಿದ ಹಕ್ಕಿಯಲ್ಲ. ಕಾಡಿನದು. ಇಬ್ಬರಿಗೂ ಲಾಭ ಇರುವುದರಿಂದ ಬರುತ್ತದೆ.

ನನ್ನ ಹಕ್ಕಿಗೆ ಆಜ್ಞೆ ಕೊಡುವಂತೆಯೇ ಇಲ್ಲ. ಮಂಜು ಮುಚ್ಚಿದ ಮ್ಯಾಪ್‌ನಲ್ಲಿ ಅದು ತಾನೇ ಹಾರಿ ಒಂದು ಮನೆಯ ಮೇಲೆ ಕೂರುತ್ತದೆ. ಎರಡು ಸರದಿಯೊಳಗೆ ನಿಮ್ಮವರು ಯಾರಾದರೂ ಅಲ್ಲಿಗೆ ತಲುಪಿದರೆ ಅಲ್ಲಿ 20 ಚಿನ್ನ ಸಿಗುತ್ತದೆ. ಅದರಲ್ಲಿ ಹಕ್ಕಿಯ ಪಾಲು ಬಿಡುತ್ತೀರೋ ಇಲ್ಲವೋ ಅಂತ ಗೇಮ್ ಕೇಳುತ್ತದೆ. ಪಾಲು ಬಿಟ್ಟರೆ ಮುಂದಿನ ಸಲ ಹತ್ತಿರದ ಮನೆ ತೋರಿಸುತ್ತದೆ. ಬಿಡದಿದ್ದರೆ ತೋರಿಸುವುದು ಶತ್ರುವಿನ ಪಕ್ಕದ ಮನೆ.

ಮೊದಲು ಪಾಲು ಎರಡು ಚಿನ್ನ ಇಟ್ಟಿದ್ದೆ. ಯಾರೂ ಒಂದು ಕ್ಷಣವೂ ಯೋಚಿಸಲಿಲ್ಲ, ಎಲ್ಲರೂ ಬಿಟ್ಟರು. ಯೋಚಿಸದೆ ಕೊಡುವುದಾದರೆ ಆ ಪ್ರಶ್ನೆ ಕೇಳುವುದಾದರೂ ಯಾಕೆ? ಹತ್ತಕ್ಕೆ ಏರಿಸಿದೆ. ಈಟಿಗಾರನನ್ನು ಸೇರಿಸಿಕೊಳ್ಳಲು 14 ಚಿನ್ನ ಬೇಕು. 20 ಪೂರ್ತಿ ಇಟ್ಟುಕೊಂಡರೆ ಈ ಸರದಿಯೇ ಒಬ್ಬ ಈಟಿಗಾರ ಬರುತ್ತಾನೆ. ಹತ್ತು ಬಿಟ್ಟರೆ ಬರಲ್ಲ. ಕೋಟೆಯ ಬಾಗಿಲಲ್ಲಿ ಶತ್ರು ನಿಂತಿರುವಾಗ ಆ ಪ್ರಶ್ನೆ ಬಂದರೆ ಆಡುವವರ ಕೈ ಮೌಸ್ ಮೇಲೆ ನಿಂತುಬಿಡುತ್ತದೆ. ನನಗೆ ಬೇಕಿದ್ದುದು ಆ ನಿಲ್ಲುವಿಕೆಯೇ.

ಕರಡಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಒಂದು ಸರದಿ ಹೋರಾಡಿದರೆ ಎರಡು ಸರದಿ ಮಲಗುತ್ತದೆ, ಮಲಗಿದಾಗ ಅದನ್ನು ಕಾಯಬೇಕು. ಕಾಯುವುದು ಚೆನ್ನಾಗಿದೆ, ಆದರೆ ಎಬ್ಬಿಸುವುದಕ್ಕೆ ಸರಿಯಾದ ನಿಯಮ ಇನ್ನೂ ಸಿಕ್ಕಿಲ್ಲ. ಆ ಫೈಲ್ ಹಾಗೇ ತೆರೆದಿದೆ.

ಚಿತ್ರದ ಒಂದು ಮಾತು ಹೇಳಲೇಬೇಕು. ಇಲ್ಲಿ ಒಂದು ಮನೆ 72×72 ಪಿಕ್ಸೆಲ್. ಯೂನಿಟ್ ಯಾವ ಪಕ್ಷದ್ದು ಅಂತ ಗೊತ್ತಾಗಲು ಚಿತ್ರದಲ್ಲಿ ನಿಗದಿಯಾದ ಮೆಜೆಂಟಾ ಛಾಯೆಗಳನ್ನು ಬಳಿಯುತ್ತೇವೆ. ಆಡುವಾಗ ಅಲ್ಲಿ ಆಯಾ ಪಕ್ಷದ ಬಣ್ಣ ತಾನಾಗಿ ಕೂರುತ್ತದೆ. ಸೈನಿಕರಿಗೆ ಅಂಗಿ ಇದೆ, ಗುರಾಣಿ ಇದೆ. ನರಿಗೆ ಏನಿದೆ? ಜೀನು, ಕವಚ ಹಾಕಿ ನೋಡಿದೆ, ಆಳಿನ ಹಾಗೆ ಕಂಡಿತು. ಕೊನೆಗೆ ಕುತ್ತಿಗೆಗೆ ಒಂದು ದಾರ ಕಟ್ಟಿದೆ. ಒಟ್ಟು ಒಂಬತ್ತು ಪಿಕ್ಸೆಲ್. ನಂಟು ಕಮ್ಮಿಯಾದಂತೆ ಆ ದಾರ ತೆಳುವಾಗುವ ಹಾಗೆ ಮೂರು ಚಿತ್ರ ಬರೆದೆ. ಮೂರಿದ್ದಾಗ ಒಂಬತ್ತು ಪಿಕ್ಸೆಲ್, ಎರಡಾದರೆ ಆರು, ಒಂದಾದರೆ ಮೂರು. ಅಂಕಿ ತೋರಿಸುವ ಅಗತ್ಯವೇ ಬೀಳಲಿಲ್ಲ.

ಕಳೆದ ವಾರ ತಮ್ಮ ಮತ್ತೆ ಆಡಲು ಕೂತ. 24 ಸರದಿಯ ಆಟ. 11ನೇ ಸರದಿ, ರಾತ್ರಿಯ ಮೊದಲ ಜಾವ, ಜವುಗಿನ ಪಕ್ಕದಲ್ಲಿ ನರಿ ಬಿತ್ತು. ಅವನು ಸೇವ್ ತೆರೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಎಷ್ಟನೇ ಸರದಿಗೆ ಬರ್ತದೆ ಅಕ್ಕಾ ಅದು?”

“19ಕ್ಕೆ. ಅಲ್ಲೇ ಕಾಡಿನ ಅಂಚಿಗೆ.”

ಹಗಲು ಮುಗಿಯಿತು. 17, 18, ಎರಡೂ ಜಾವ ಅವನ ಸೈನ್ಯ ಕತ್ತಲಲ್ಲಿ ಹಿಂದೆ ಹಿಂದೆ ಸರಿಯಿತು. ಪೂರ್ವದಲ್ಲಿ ಒಂದು ಹಳ್ಳಿ ಖಾಲಿ ಇತ್ತು. ನಾಯಕ 18ರಲ್ಲೇ ಹೊರಟಿದ್ದರೆ ಸಿಗುತ್ತಿತ್ತು. ತಮ್ಮ ನಾಯಕನ ಮೇಲೆ ಕ್ಲಿಕ್ ಮಾಡಿದ, ಹಳ್ಳಿಯ ಮೇಲೆ ಮೌಸ್ ಇಟ್ಟ, ದಾರಿ ಗೀಟು ಮೂಡಿತು. ಕಾಡಿನ ಅಂಚಿನಿಂದ ಹಳ್ಳಿಗೆ ಎಷ್ಟು ಮನೆ ಅಂತ ಬೆರಳಿನಿಂದ ಸ್ಕ್ರೀನ್ ಮುಟ್ಟಿ ಮುಟ್ಟಿ ಎಣಿಸಿದ. ಐದು. ನಾಯಕನನ್ನು ವಾಪಸ್ ಕಾಡಿನ ಕಡೆ ತಂದು, ಎರಡು ಮನೆ ದೂರದಲ್ಲಿ ನಿಲ್ಲಿಸಿ ಸರದಿ ಮುಗಿಸಿದ. ಶತ್ರು ಬಂದು ಹಳ್ಳಿ ಹಿಡಿದ.

19. ಪರದೆಯ ಬಣ್ಣ ತಿಳಿಯಾಯಿತು. ಮರಗಳ ಮನೆಯಲ್ಲಿ ನರಿ ನಿಂತಿತ್ತು. ಕುತ್ತಿಗೆಯಲ್ಲಿ ಆರು ಪಿಕ್ಸೆಲ್ ದಾರ.

“ದಾರ ಸಣ್ಣಗಾಗಿದೆ ನೋಡು,” ಅಂದ ತಮ್ಮ. ಆಮೇಲೆ ಅದನ್ನು ನಾಯಕನ ಪಕ್ಕಕ್ಕೆ ಕರೆತಂದ.